ಅಪ್ಪಯ್ಯನ ಕಾಲು, ಅಬ್ಬಿಯ ಬಾಯಿ

ನಮ್ಮ ಹೊಸ ಮನೆಯ ಟೈಲ್ಸಿನ ಮೇಲೆ ಮೊದಲು ಜಾರಿ ಬಿದ್ದವಳು ನನ್ನ ಅಬ್ಬಿ, ಅಂದರೆ ಅಮ್ಮ. ಕೆಲಸದವರು ನೆಲ ತೊಳೆದು ಹಾಗೇ ಹೋಗಿದ್ದರು. ಒಣಗಲಿ, ಆಮೇಲೆ ಹೋಗು ಅಂದರೆ ಅಬ್ಬಿ ಕೇಳಬೇಕಲ್ಲ. ಬೀಜಾಡಿಯ ಕಡಲ ಹೊಯಿಗೆಯ ಮೇಲೆ, ತೆಂಗಿನ ಮಡಲಿನ ಮಾಡಿನ ಕೆಳಗೆ ಸಂಸಾರ ಶುರು ಮಾಡಿದವಳು ಅವಳು. ಸೆಗಣಿ ಸಾರಿಸಿ ಸಾರಿಸಿಯೇ ಪ್ರಾಯ ಕಳೆದವಳು. ಹೊಸ ನೆಲದ ಮೇಲೆ ಬರಿಗಾಲಲ್ಲಿ ಒಮ್ಮೆ ನಡೆದು ನೋಡುವ ಆಸೆ. ಒಳಗೆ ಕಾಲಿಟ್ಟಳೋ ಇಲ್ಲವೋ, ಬಿದ್ದಳು. ಬಿದ್ದಲ್ಲಿಂದಲೇ ಕೇಳಿದ್ದು ಒಂದೇ ಮಾತು:

"ಟೈಲ್ಸ್ ಒಡಿಲಿಲ್ಲೆ ಅಲ್ದಾ?"

ಟೈಲ್ಸ್ ಒಡೆದಿರಲಿಲ್ಲ. ಅವಳ ಪಾದದ ಗಂಟಿನ ಎಲುಬು ಮುರಿದಿತ್ತು. ಕುಂದಾಪುರದ ಡಾಕ್ಟರು ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ಈ ಕಾಲನ್ನು ನೆಲಕ್ಕೆ ಊರಲೇಬಾರದು ಅಂದರು. ಗೃಹಪ್ರವೇಶಕ್ಕೆ, ನಮ್ಮ ಮಾತಿನಲ್ಲಿ ಮನೆ ಒಕ್ಕಲಿಗೆ, ಭಟ್ಟರು ಅದಾಗಲೇ ದಿನ ಇಟ್ಟುಕೊಟ್ಟಾಗಿತ್ತು. ಮುಂದೆ ಹಾಕಿದರೆ ಮಳೆಗಾಲ. ಚಪ್ಪರ ನಿಲ್ಲುವುದಿಲ್ಲ, ಜನ ನಿಲ್ಲುವುದಕ್ಕೂ ಜಾಗ ಇಲ್ಲ. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅಬ್ಬಿ ನೋವಿಗೆ ಅತ್ತಳು ಅಂತ ನಾನು ಅಂದುಕೊಂಡಿದ್ದೆ. ಅವಳು ಅತ್ತದ್ದು ಬೇರೆಯದಕ್ಕೆ.

"ಹೇಳ್ಕಿಗೆ ಯಾರ್ ಹೋಪುದ್?"

ಕರೆಯಲು ಯಾರು ಹೋಗುವುದು ಅನ್ನುವುದು ಹೊರಗಿನವರಿಗೆ ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮ್ಮ ಕಡೆ ಆಮಂತ್ರಣದ ಕಾಗದ ಎಷ್ಟು ಚಂದ ಅಚ್ಚು ಹಾಕಿಸಿದರೂ ಅದು ಹೇಳಿಕೆ ಆಗುವುದಿಲ್ಲ. ಮನೆಯವರೇ ಹೋಗಿ, ಅವರ ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು, ಇಂಥ ದಿನ ಇಂಥ ಕಾರ್ಯ, ಎಲ್ಲರೂ ಬರ್ಕ್ ಅಂತ ಬಾಯಿಬಿಟ್ಟು ಹೇಳಬೇಕು. ಹೊರಡುವಾಗ ಆ ಮನೆಯ ಹೆಂಗಸು ಬಂದ ಹೆಂಗಸಿಗೆ ಕುಂಕುಮ ಕೊಡುತ್ತಾಳೆ. ಅಲ್ಲಿಗೆ ಹೇಳಿಕೆ ಆಯಿತು. ಅದು ಆಗದಿದ್ದರೆ ಪಕ್ಕದ ಮನೆಯವರೂ ಬೇಲಿಯ ಆಚೆ ನಿಂತು ಊಟದ ಪರಿಮಳ ಕುಡಿಯುತ್ತಾರೆಯೇ ಹೊರತು ಒಳಗೆ ಬರುವುದಿಲ್ಲ.

ಅಬ್ಬಿಯ ಸಂಕಟಕ್ಕೆ ಇನ್ನೂ ಒಂದು ಬೇರು ಇತ್ತು. ಅವಳ ತವರು ಶಿರೂರು. ಅಲ್ಲಿ ಅವಳ ಅಣ್ಣ, ನನ್ನ ಸೋದರಮಾವ. ಮಾವ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಅವರ ಮಗಳ ಮದುವೆ ಗಡಿಬಿಡಿಯಲ್ಲಿ ನಿಶ್ಚಯವಾಯಿತು. ಅವರು ರಜೆ ಸಿಕ್ಕಿ ಊರಿಗೆ ಬರುವಷ್ಟರಲ್ಲಿ ಚಪ್ಪರ ಏಳುತ್ತಿತ್ತು. ತಂಗಿಗೆ ಫೋನ್ ಮಾಡಿ ಹೇಳಿದರು. ಅಬ್ಬಿ ದಿನಾ ದಾರಿ ನೋಡಿದಳು, ಅಣ್ಣ ಬಂದೇ ಬರುತ್ತಾನೆ, ಶಿರೂರು ಯಾವ ಮಹಾ ದೂರ ಅಂತ. ಅವರು ಬರಲಿಲ್ಲ. ಇವಳು ಹೋಗಲಿಲ್ಲ. "ಫೋನಂಗೆ ಹೇಳಿದ್ದ್ ಹೇಳ್ಕಿ ಅಲ್ಲ. ನಾ ಎಂತ ಹೆರ್ಗಿನವ್ಳಾ?" ಅಂದಳಂತೆ, ಒಡಹುಟ್ಟಿದವಳನ್ನೂ ಹೊರಗಿನವಳ ಹಾಗೆ ಫೋನಿನಲ್ಲೇ ಕರೆದನಲ್ಲ ಅಂತ. ಆ ಮಾತು ಶಿರೂರಿಗೆ ಬಸ್ಸಿಗಿಂತ ಬೇಗ ಮುಟ್ಟಿತು. ಜಗಳ ಅಂತ ಆಗಲಿಲ್ಲ. ಅಣ್ಣ ತಂಗಿ ಮಾತು ಬಿಟ್ಟರು, ಅಷ್ಟೆ. ಈ ಮನೆ ಒಕ್ಕಲಿನ ಹೇಳಿಕೆಗೆ ತಾನೇ ಶಿರೂರಿನ ಮೆಟ್ಟಿಲು ಹತ್ತಬೇಕು, ಅದೇ ನೆಪದಲ್ಲಿ ಎಲ್ಲ ಸರಿಯಾಗಬೇಕು ಅಂತ ಪಾಯ ತೋಡಿದ ದಿನದಿಂದ ಅವಳು ಲೆಕ್ಕ ಹಾಕಿಕೊಂಡಿದ್ದಳು. ಈಗ ಕಾಲು ಪ್ಲಾಸ್ಟರಿನಲ್ಲಿ.

ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಬ್ಬಿಯ ಜೊತೆ ಬೆಳಿಗ್ಗೆ ಬಂದರಿಗೆ ಹೋಗಿ ಮೀನು ಹೆಕ್ಕಿ, ಕೈಯ ವಾಸನೆಗೆ ಹುಣಸೆಹುಳಿ ತಿಕ್ಕಿಕೊಂಡು ಕಾಲೇಜಿನ ಬಸ್ಸು ಹತ್ತಿದವಳು ನಾನು. ಪಕ್ಕದ ಸೀಟು ಖಾಲಿ ಇದ್ದರೂ ಕೆಲವರು ನಿಂತೇ ಬರುತ್ತಿದ್ದರು. ನಾನು ಆ ಸೀಟಿನ ಮೇಲೆ ಪುಸ್ತಕದ ಚೀಲ ಇಟ್ಟುಕೊಂಡು ಆರಾಮಾಗಿ ಹೋದೆ. ಈಗ ಬೈಂದೂರಿನಿಂದ ಬ್ರಹ್ಮಾವರದ ತನಕ ಪಂಚಾಯತಿಗಳಿಗೆ ಹೋಗಿ ಹೆಂಗಸರಿಗೆ ಮೊಬೈಲ್ ಬಳಸುವುದನ್ನು ಕಲಿಸುವ ಕೆಲಸ. ಯಾವ ಊರು ಡಿಜಿಟಲ್‌ಗೆ ಎಷ್ಟು ತಯಾರಾಗಿದೆ ಅಂತ ಮೇಲಿನವರಿಗೆ ವರದಿ ಕೊಡಬೇಕು. ಎಷ್ಟು ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ, ಯಾರಿಗೆ ಬಿಲ್ಲು ಕಟ್ಟಲು ಬರುತ್ತದೆ, ಯಾರಿಗೆ ಅರ್ಜಿ ತುಂಬಲು ಬರುತ್ತದೆ, ಇಂಥವೇ.

ಅಂಥವಳ ಮನೆಯ ಹೇಳಿಕೆ ನಿಲ್ಲುವುದುಂಟೇ ಅಂದುಕೊಂಡೆ. ಚಂದದ ಒಂದು ಆಮಂತ್ರಣ ಮಾಡಿ, ಹಿಂದೆ ನಾಗಸ್ವರದ ದನಿ ಸೇರಿಸಿ, ಎಲ್ಲರ ವಾಟ್ಸಾಪಿಗೆ ಕಳಿಸಿದೆ. ಎಲ್ಲರೂ ಕೈ ಮುಗಿಯುವ ಚಿತ್ರ ತಿರುಗಿ ಕಳಿಸಿದರು. ಆಮೇಲೆ ಒಬ್ಬೊಬ್ಬರೇ ಫೋನ್ ಮಾಡಿದರು.

"ಕಂಡೆ ಮಗಾ, ಲಾಯ್ಕಿತ್ತ್. ಹೇಳ್ಕಿಗೆ ಯಾವಾಗ ಬತ್ರಿ?"

ಕಿರಿಮಂಜೇಶ್ವರದ ನನ್ನ ಅತ್ತೆ, ಅಪ್ಪಯ್ಯನ ಅಕ್ಕ, ಆ ನಾಗಸ್ವರ ಇಡೀ ಕೇರಿಗೆ ಕೇಳಿಸಿದ್ದಳಂತೆ. ಅವಳದ್ದೂ ಅದೇ ಪ್ರಶ್ನೆ.

ಸರಿ, ಅಪ್ಪಯ್ಯ ಹೊರಟರು. ಅಪ್ಪಯ್ಯ ಪ್ರಾಯವೆಲ್ಲ ಬೋಟಿನಲ್ಲಿ ಕಳೆದವರು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ಮಾತನ್ನೇ ಬಿಟ್ಟವರು. ಮೊದಲು ಕೋಟೇಶ್ವರದ ಒಂದು ಮನೆಗೆ ಹೋಗಿ ಬಂದರು. ಅಬ್ಬಿ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು.

"ಹೇಳಿದ್ರಾ?"

"ಹೂಂ. ಚಾ ಕೊಟ್ರ್."

"ಚಾ ಕೊಟ್ಟದ್ ಕೇಂಡದ್ದಲ್ಲ. ಬರ್ಕ್ ಅಂದೇಳಿ ಬಾಯ್ ಬಿಟ್ಟ್ ಹೇಳಿದ್ರಾ?"

"ಅವ್ರಿಗ್ ಗೊತ್ತಿತ್ತ್."

"ಗೊತ್ತಿಪ್ಪುದ್ ಬೇರೆ, ಹೇಳುದ್ ಬೇರೆ ಮಾರ್ರೆ! ಬೆಳ್ಗ್ ಆಪುದ್ ಎಲ್ಲರಿಗೂ ಗೊತ್ತಿತ್ತ್. ಆದ್ರೂ ಕೋಳಿ ಕೂಗುದಿಲ್ಯಾ?"

ಅಪ್ಪಯ್ಯ ನಕ್ಕು ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡರು. ಅಬ್ಬಿ ತನ್ನ ಪ್ಲಾಸ್ಟರಿನ ಕಾಲನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ಕರೆದಳು.

"ನಿನ್ನ ಆ ಮುಖ ಕಾಂಬ ಫೋನ್ ಇತ್ತಲೆ, ಅದ್ರಂಗೆ ನಾ ಅವ್ರಿಗ್ ಕಾಂತ್ನಾ?"

"ಕಾಂತೆ."

"ನಂಗ್ ಅವ್ರ ಮನಿ ಕಾಂತ್ತಾ?"

"ಕಾಂತ್ತ್."

"ಹಾಂಗಾರೆ ನಾನೂ ಹೋತೆ," ಅಂದಳು. ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಸಿದಳು.

ಹೀಗೆ ನಮ್ಮ ಮನೆಯ ಹೇಳಿಕೆ ಹೊರಟಿತು. ಕಾಲು ಅಪ್ಪಯ್ಯನದ್ದು, ಬಾಯಿ ಅಬ್ಬಿಯದ್ದು. ಅಪ್ಪಯ್ಯನಿಗೆ ವಿಡಿಯೋ ಕಾಲ್ ಕಲಿಸುವುದೇ ಒಂದು ಸಾಹಸವಾಯಿತು. ಹಗ್ಗ ಎಳೆದು ದಪ್ಪವಾದ ಆ ಹೆಬ್ಬೆರಳನ್ನು ಪರದೆ ಬೆರಳು ಅಂತಲೇ ಒಪ್ಪಲಿಲ್ಲ. ಒತ್ತಿದರು, ತಿಕ್ಕಿದರು, ಕೊನೆಗೆ ಕಿರುಬೆರಳಿನಲ್ಲಿ ಮುಟ್ಟಿದಾಗ ಕರೆ ಹೋಯಿತು. ಆವತ್ತಿನಿಂದ ಅವರು ಫೋನನ್ನು ಮುಟ್ಟುವುದು ಕಿರುಬೆರಳಿನಲ್ಲೇ, ಕಣ್ಣಿಗೆ ಕಾಡಿಗೆ ಹಚ್ಚುವ ಹಾಗೆ. ಈ ಕಡೆ ಅಬ್ಬಿ ನನ್ನ ಹಳೆಯ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಕೊಂಡು, ತಲೆಗೆ ಅಬ್ಬಲಿಗೆ ಮುಡಿದು, ಕಾಲನ್ನು ಸ್ಟೂಲಿನ ಮೇಲಿಟ್ಟು ಕೂರುತ್ತಿದ್ದಳು.

ಜನ ಏನನ್ನುತ್ತಾರೋ ಅಂತ ನನಗೆ ಅಳುಕಿತ್ತು. ಫೋನ್ ಹಿಡಿದು ಹೋದ ಮೊದಲನೇ ಮನೆಯಲ್ಲೇ ಅದು ಹೋಯಿತು. ಆ ಮನೆಯ ಅಜ್ಜಿ ಅಪ್ಪಯ್ಯನಿಗೆ ಒಂದು ಮಣೆ ಹಾಕಿ, ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, "ಅವ್ಳನ್ನ್ ಇದ್ರ್ ಮೇಲ್ ಕೂರ್ಸಿ" ಅಂದಳಂತೆ. ಅಪ್ಪಯ್ಯ ಫೋನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಬೆಲ್ಲ ನೀರು ಎರಡು ಲೋಟ ಬಂತು. ಎರಡನ್ನೂ ಅಪ್ಪಯ್ಯನೇ ಕುಡಿಯಬೇಕಾಯಿತು. ಹೊರಡುವಾಗ ಅಜ್ಜಿ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು, ಯೋಚನೆಯನ್ನೇ ಮಾಡದೆ, ಪರದೆಯಲ್ಲಿ ಕಾಣುತ್ತಿದ್ದ ಅಬ್ಬಿಯ ಹಣೆಗೆ ಬೊಟ್ಟಿಟ್ಟಳು. ಬೀಜಾಡಿಯಲ್ಲಿ ನಾನು ಅಬ್ಬಿಯ ಪಕ್ಕದಲ್ಲೇ ಇದ್ದೆ. ಅಜ್ಜಿಯ ಬೆರಳು ದೊಡ್ಡದಾಗಿ ಹತ್ತಿರ ಬಂದಾಗ ಅಬ್ಬಿ ಕಣ್ಣು ಮುಚ್ಚಿ ಹಣೆ ಮುಂದೆ ಕೊಟ್ಟಳು.

ಅಜ್ಜಿಯ ಬೊಟ್ಟು ಕಟ್ ಮಾಡುವ ಕೆಂಪು ಗುಂಡಿಗೂ ತಾಗಿ ಕರೆ ನಿಂತುಹೋಯಿತು. "ಹೋದ್ಳಾ? ಚಾ ಕುಡೀದೇ ಹೋದ್ಳಲೆ!" ಅಂತ ಅಜ್ಜಿ ಬೇಜಾರು ಮಾಡಿಕೊಂಡಳಂತೆ.

ಬ್ರಹ್ಮಾವರದ ಕಡೆಯ ಮನೆಗಳಿಗೆ ಹೋದ ದಿನ ಅಪ್ಪಯ್ಯ ಕರೆ ನಿಲ್ಲಿಸುವುದನ್ನು ಮರೆತು ಫೋನನ್ನು ಅಂಗಿಯ ಕಿಸೆಗೆ ಹಾಕಿ ಬಸ್ಸು ಹತ್ತಿದ್ದರು. ಅಬ್ಬಿ ಇಲ್ಲಿ ಕಪ್ಪು ಪರದೆಯ ಮುಂದೆ ಕೂತು ಆ ಬಸ್ಸಿನ ಪ್ರಯಾಣವನ್ನೆಲ್ಲ ಕೇಳುತ್ತ ಹೋದಳು. ಕಂಡಕ್ಟರ್ ಸಾಲಿಗ್ರಾಮ ಅಂತ ಕೂಗಿದ್ದೇ ತಡ, ಇಲ್ಲಿಂದ ಬೊಬ್ಬೆ ಹಾಕಿದಳು.

"ಹ್ವಾಯ್! ನಿದ್ರಿ ಮಾಡ್ತ್ರಿಯಾ? ಇಳಿನಿ, ಇಳಿನಿ!"

ನಿದ್ದೆಯಲ್ಲಿದ್ದ ಅಪ್ಪಯ್ಯ ಎದ್ದು ಇಳಿದೇಬಿಟ್ಟರು. ಇಳಿದ ಮೇಲೆ ಗೊತ್ತಾಯಿತು, ಹೋಗಬೇಕಾದ ಮನೆ ಇನ್ನೂ ಮುಂದೆ ಇತ್ತು. ಕಿಸೆಯಲ್ಲಿ ಹೆಂಡತಿಯನ್ನು ಇಟ್ಟುಕೊಂಡು ತಿರುಗುವ ಗಂಡಸು ಅಂತ ಅಪ್ಪಯ್ಯನಿಗೆ ಬಂದರಿನಲ್ಲಿ ಹೆಸರು ಬಿತ್ತು. ಅವರು ಅದಕ್ಕೂ ನಕ್ಕರು.

ಒಂದೊಂದೇ ಮನೆ ಮುಗಿಯುತ್ತ ಬಂದ ಹಾಗೆ ಅಬ್ಬಿಯ ಮಾತು ಕಡಿಮೆಯಾಯಿತು. ಶಿರೂರನ್ನು ಅವಳು ಕೊನೆಗೆ ಇಟ್ಟಿದ್ದಳು.

"ಫೋನಂಗೆ ಹೇಳಿದ್ದ್ ಹೇಳ್ಕಿ ಅಲ್ಲ ಅಂದದ್ದ್ ನಾನೇ," ಅಂದಳು ನನ್ನ ಹತ್ತಿರ. "ಈಗ ನಾನೇ ಫೋನಂಗೆ ಹ್ಯಾಂಗೆ ಹೇಳುದ್ ಮಗಾ? ಅಣ್ಣಯ್ಯ ಬರ್ಲಿಲ್ಲೆ ಅಂದ್ರೆ ಸಮವೇ ಅಲ್ದಾ?"

ಕಾಲು ಸರಿಯಾದ ಮೇಲೆ ಹೋಗಿ ಹೇಳಿದರಾಯಿತು ಅನ್ನೋಣವೆಂದರೆ ಅಷ್ಟರಲ್ಲಿ ಒಕ್ಕಲು ಮುಗಿದಿರುತ್ತದೆ. ತವರಿನವರು ಇಲ್ಲದ ಒಕ್ಕಲು ಅವಳಿಗೆ ಒಕ್ಕಲೇ ಅಲ್ಲ. ಒಂದು ಭಾನುವಾರ ಅಪ್ಪಯ್ಯನ ಜೊತೆ ನಾನೂ ಹೊರಟೆ. ಪಕ್ಕದ ಮನೆಯ ಚಿಕ್ಕಮ್ಮ ಅಬ್ಬಿಯ ಬಳಿ ಕೂತಳು.

ಮಾವ ಜಗಲಿಯಲ್ಲಿ ತೆಂಗಿನ ಗರಿ ಸೀಳಿ, ಕಸ ಗುಡಿಸುವ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು. ಮುಂಬೈ ಬಿಟ್ಟು ಬಂದ ಮೇಲೆ ಇನ್ನೂ ಸೊರಗಿದ್ದರು. "ಬನಿ ಭಾವ, ಕೂಕಣಿ," ಅಂದರು. ನನ್ನನ್ನು ನೋಡಿ, "ಟೀಚರ್ ಬಂದ್ರ್," ಅಂದರು. ಮಾವನ ಹೆಂಡತಿ, ಶಿರೂರಿನ ಅತ್ತೆ, ಬೆಲ್ಲ ನೀರು ತಂದರು. ಅಪ್ಪಯ್ಯ "ಮನಿ ಒಕ್ಲ್" ಅಂತ ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, ಕಿಸೆಯಿಂದ ಫೋನ್ ತೆಗೆದು ಕಿರುಬೆರಳು ಒತ್ತಿದರು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಟವರ್ ಇಲ್ಲ.

ಮಾವ ಕಡ್ಡಿ ಸೀಳುತ್ತಲೇ ಕೇಳಿದರು, "ಫೋನಂಗಾ ಹೇಳ್ಕಿ?"

"ಅಬ್ಬಿ ಕಾಲು ಮುರಿದುಕೊಂಡಿದಾಳೆ ಮಾವ..." ಅಂತ ನಾನು ಹೇಳಹೊರಟೆ.

"ಗೊತ್ತಿತ್ತ್," ಅಂದರು.

ಅತ್ತೆಗೆ ತಡೆಯಲಾಗಲಿಲ್ಲ. "ಗೊತ್ತಾದ್ ದಿನವೇ ಅಂಗಿ ಹಾಯ್ಕಂಡ್ ಹೊರಟ್ರ್. ಗೇಟಿನ ವರಿಗ್ ಹೋಯಿ ವಾಪಾಸ್ ಬಂದ್ರ್. ಮರ್ದಿನವೂ ಹಾಂಗೇ. ಆ ಗೇಟ್ ಒಂದ್ ದಾಟುಕಾತಿಲ್ಲೆ ಇವ್ರಿಗೆ."

"ನೀ ಸುಮ್ನಿರ್," ಅಂದರು ಮಾವ. ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅಪ್ಪಯ್ಯನ ಕೈಯಿಂದ ಫೋನ್ ತೆಗೆದುಕೊಂಡರು. "ಇಲ್ ಸಿಕ್ಕುದಿಲ್ಲೆ. ಹಿಂದ್ ಹಾಡಿ ಬದಿಗ್ ಹೋಯ್ಕ್."

ಮನೆಯ ಹಿಂದಿನ ಹಾಡಿ ಅಂದರೆ ಕೆಂಪು ಮುರಕಲ್ಲಿನ ಒಂದು ಏರು, ಅದರ ಮೇಲೆ ಗೇರುಮರ. ಮಾವ ಮುಂದೆ, ನಾವು ಹಿಂದೆ. ಗೇರುಮರದ ಬುಡಕ್ಕೆ ಮುಟ್ಟುವಾಗ ಫೋನು ಗುಯ್ಗುಟ್ಟಿತು. ಅಬ್ಬಿಯೇ ಅಲ್ಲಿಂದ ಕರೆ ಮಾಡಿದ್ದಳು. ನಾನು ಹಸಿರು ಗುಂಡಿ ಎಳೆದುಕೊಟ್ಟೆ. ಮಾವ ಹಿಡಿದ ಅವಸರಕ್ಕೆ ಎಲ್ಲಿ ಬೆರಳು ತಾಗಿತೋ, ಮುಖದ ಬದಿಯ ಕ್ಯಾಮರಾ ಹೋಗಿ ಹಿಂದಿನ ಕ್ಯಾಮರಾ ಬಂತು. ಅಬ್ಬಿಯ ಮುಖ ಮಾವನಿಗೆ ಕಾಣುತ್ತಿತ್ತು. ಅಬ್ಬಿಗೆ ಮಾವ ಕಾಣುತ್ತಿರಲಿಲ್ಲ. ಅವಳಿಗೆ ಕಂಡದ್ದು ಕೆಳಗಿನ ಹಿತ್ತಲು, ಅವಳು ಹುಟ್ಟಿ ಬೆಳೆದ ಮನೆಯ ಹಿಂಬದಿ.

ಸರಿಮಾಡಿ ಕೊಡಲು ನಾನು ಕೈ ಮುಂದೆ ಮಾಡಿದೆ. ಅಪ್ಪಯ್ಯ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹ್ವಾಯ್," ಅಂದಳು ಅಬ್ಬಿ. ಫೋನ್ ಅಪ್ಪಯ್ಯನ ಕೈಯಲ್ಲೇ ಇದೆ ಅಂದುಕೊಂಡಿದ್ದಳು. "ಅದ್ ನಮ್ ಬಾಮಿ ಅಲ್ದಾ? ಕಟ್ಟೆಗೆ ಸಿಮೆಂಟ್ ಮಾಡ್ಸಿದ್ರಾ?"

ಮಾವ ಫೋನನ್ನು ಬಾವಿಯ ಕಡೆಗೇ ಹಿಡಿದುಕೊಂಡರು.

"ಒಂಚೂರ್ ಬದಿಗ್ ತಿರ್ಸಿ. ಬಟ್ಟಿ ಒಗು ಕಲ್ಲ್ ಇತ್ತಾ ಕಾಂಬ."

ಮಾವ ಫೋನನ್ನು ಮೆಲ್ಲ ತಿರುಗಿಸಿದರು. ಕಲ್ಲು ಅಲ್ಲೇ ಇತ್ತು.

"ಇತ್ತ್! ಈಗ ಈಚಿ ಬದಿಗ್. ಹಲ್ಸಿನ್ ಮರ. ಅಯ್ಯೋ, ಅಷ್ಟ್ ಬೇಗ ಅಲ್ಲ ಮಾರ್ರೆ, ನೀವೆಂತ ಬೋಟ್ ತಿರ್ಸುದಾ?"

ಮಾವ ಇನ್ನೂ ನಿಧಾನ ಮಾಡಿದರು. ಹಲಸಿನ ಮರ ಬಂತು, ಬುಡದಲ್ಲೇ ಕಾಯಿ ಬಿಟ್ಟಿತ್ತು. ಅಬ್ಬಿ ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನೋಡಿದಳು. ಆ ಮುಖವನ್ನು ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ನೀರು ತುಂಬಿದ ಬಟ್ಟಲನ್ನು ಹಿಡಿದ ಹಾಗೆ.

"ಹ್ವಾಯ್," ಅಂದಳು ಅಬ್ಬಿ, ದನಿ ತಗ್ಗಿಸಿ. "ಅಣ್ಣಯ್ಯ ಎಲ್ಲಿದ್ದ? ಸಿಟ್ಟ್ ಇತ್ತಾ? ಎಂತಾರೂ ಹೇಳ್ದನಾ?"

ಗೇರುಮರದಲ್ಲಿ ಗಾಳಿ ಬಂತು ಹೋಯಿತು.

"ಇಲ್ಲೇ ಇದ್ದೆ," ಅಂದರು ಮಾವ.

ಅಬ್ಬಿ ಹಿಂದೆ ಸರಿದು ಕೂತಳು. ಸೆರಗು ಸರಿಮಾಡಿಕೊಂಡಳು. ನಾನು ಕ್ಯಾಮರಾ ತಿರುಗಿಸಿದೆ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು. ಅಬ್ಬಿ ದಿನ ಹೇಳಿದಳು, ಹೊತ್ತು ಹೇಳಿದಳು. "ನೀ, ಅತ್ತಿಗಿ, ಮಕ್ಳ್ ಎಲ್ಲಾ ಹಿಂದಿನ್ ದಿನವೇ ಬರ್ಕ್. ಫೋನಂಗೆ ಹೇಳ್ತಿದ್ದೆ ಅಣ್ಣಯ್ಯ. ನಂಗ್ ಬಪ್ಪುಕಾಯ್ಲಿಲ್ಲೆ."

"ಫೋನಂಗೆ ಹೇಳಿದ್ದ್ ಹೇಳ್ಕಿ ಅಲ್ಲ ಅಂದವ್ಳ್ ನೀನೇ ಅಲ್ದಾ?"

"ಹೌದ್. ನಾನೇ," ಅಂದಳು ಅಬ್ಬಿ.

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಅಬ್ಬಿಯ ಮುಖ ಚೂರು ಚೂರಾಗಿ, ನಿಂತು, ಕಪ್ಪಾಯಿತು. ಮತ್ತೆ ಎಷ್ಟು ಮಾಡಿದರೂ ಕರೆ ಹೋಗಲಿಲ್ಲ. ಮಾವ ಫೋನನ್ನು ಅಪ್ಪಯ್ಯನ ಕೈಗೆ ಕೊಟ್ಟು ಕೆಳಗಿಳಿದು ಹೋದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ.

ನಾವು ಹೊರಡುವಾಗ ಅತ್ತೆ ಕುಂಕುಮದ ಬಟ್ಟಲು ತಂದರು. ನನಗೆ ಕೊಟ್ಟರು. ಆಮೇಲೆ ಅಪ್ಪಯ್ಯನ ಕೈಯಲ್ಲಿದ್ದ ಫೋನನ್ನು ನೋಡಿ ನಿಂತರು. ಅದರಲ್ಲಿ ಈಗ ಯಾರೂ ಇರಲಿಲ್ಲ, ಬರೀ ಕಪ್ಪು ಗಾಜು. ಅಪ್ಪಯ್ಯ ಅದನ್ನು ಸ್ವಲ್ಪ ಮುಂದೆ ಹಿಡಿದರು. ಅತ್ತೆ ಅದರ ನಟ್ಟನಡುವೆ ಒಂದು ಬೊಟ್ಟು ಇಟ್ಟರು.

ಅಪ್ಪಯ್ಯ ಫೋನನ್ನು ಹೆಗಲ ಮೇಲಿನ ಬೈರಾಸಿನ ಪದರದಲ್ಲಿ ಸುತ್ತಿ, ಬೀಜಾಡಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ದಾರಿಯಲ್ಲಿ ಎರಡು ಸಲ ಅದು ಗುಯ್ಗುಟ್ಟಿತು. ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ.

"ಅಣ್ಣಯ್ಯ ಬತ್ನಂಬ್ರಾ?" ನಾವು ಬಾಗಿಲಿಗೆ ಬರುತ್ತಲೇ ಕೇಳಿದಳು ಅಬ್ಬಿ.

"ಗೊತ್ತಿಲ್ಲೆ," ಅಂದರು ಅಪ್ಪಯ್ಯ. ಬೈರಾಸು ಬಿಚ್ಚಿದರು. "ಅತ್ತಿಗಿ ಇದ್ ಕೊಟ್ರ್."

ಅಬ್ಬಿ ಗಾಜಿನ ಮೇಲಿನ ಕುಂಕುಮವನ್ನು ಬೆರಳ ತುದಿಯಲ್ಲಿ ತೆಗೆದು ಹಣೆಗೆ ಇಟ್ಟುಕೊಂಡಳು.

ಆ ವಾರ ನನ್ನ ತರಗತಿ ಬೈಂದೂರಿನ ಕಡೆ ಇತ್ತು. ವಿದ್ಯುತ್ ಬಿಲ್ಲು ಕಟ್ಟುವುದು ಹೇಗೆ ಅಂತ ಹೇಳುತ್ತಿದ್ದೆ. ಹಿಂದೆ ಕೂತ ಹೆಂಗಸೊಬ್ಬಳು ಕೈ ಎತ್ತಿ, "ಅದ್ ಇರ್ಲಿ ಟೀಚರೆ, ಮಗ ಕಟ್ತ. ನಿಮ್ ಅಬ್ಬಿ ಹೇಳ್ಕಿ ಮಾಡಿದ್ದ್ ಹ್ಯಾಂಗಂಬ್ರ್? ಅದ್ ಹೇಳ್ಕೊಡಿ," ಅಂದಳು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು. ಬಿಲ್ಲು ಬಿಟ್ಟು ಕ್ಯಾಮರಾ ತಿರುಗಿಸುವುದನ್ನು ಹೇಳಿಕೊಟ್ಟೆ. ಅಂಗಳ ಕಾಣಬೇಕಾದರೆ ಹೇಗೆ ಹಿಡಿಯಬೇಕು, ಮುಖ ಕಾಣಬೇಕಾದರೆ ಹೇಗೆ. ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ವರದಿಯಲ್ಲಿ ಅಪ್ಪಯ್ಯನಂಥವರನ್ನು ನಾನು ತಯಾರಿಲ್ಲದವರು ಅಂತಲೇ ಬರೆಯಬೇಕು. ಅರ್ಜಿ ತುಂಬಲು ಅವರಿಗೆ ಇವತ್ತಿಗೂ ಬರುವುದಿಲ್ಲ. ಹಾಗೆಯೇ ಬರೆದೆ. ಬರೆಯುವಾಗ ಬೈರಾಸಿನ ಆ ಗಂಟು ಕಣ್ಣ ಮುಂದೆ ಇತ್ತು.

ಒಕ್ಕಲಿನ ಹಿಂದಿನ ದಿನ ಮಧ್ಯಾಹ್ನ ಚಪ್ಪರಕ್ಕೆ ಮಾವಿನೆಲೆ ಕಟ್ಟುತ್ತಿದ್ದೆವು. ಅಬ್ಬಿಯನ್ನು ಕುರ್ಚಿ ಸಮೇತ ಎತ್ತಿ ಹೊಸ ಮನೆಯ ಬಾಗಿಲ ಒಳಗೆ, ದಾರಿ ಕಾಣುವ ಹಾಗೆ ಕೂರಿಸಿದ್ದೆವು. ಬೆಳಗಿನಿಂದ ಎಷ್ಟು ಆಟೋ ಹೋದರೂ ಕತ್ತು ಉದ್ದ ಮಾಡುತ್ತಿದ್ದಳು. ಊಟ ಬೇಡ ಅಂದಿದ್ದಳು.

ಒಂದು ಆಟೋ ನಿಂತಿತು. ಮೊದಲು ಇಳಿದದ್ದು ಹಲಸಿನ ಹಣ್ಣು, ಆಮೇಲೆ ಅತ್ತೆ, ಆಮೇಲೆ ಮಾವ. ಮಾವ ಹಣ್ಣನ್ನು ಹೆಗಲಿಗೇರಿಸಿಕೊಂಡು ಅಂಗಳ ದಾಟಿ ಬಂದರು. ಮೆಟ್ಟಿಲ ಹತ್ತಿರ ಬಂದವರು ಅಲ್ಲೇ ನಿಂತರು. ಒಳಗೆ ಕಾಲಿಡಲಿಲ್ಲ.

"ಬಾ ಮಾವ," ಅಂದೆ.

ಅವರು ನನ್ನ ಕಡೆ ನೋಡಲೂ ಇಲ್ಲ. "ಫೋನಂಗೆ ಹೇಳಿದ್ದ್ ಆಯ್ತ್," ಅಂದರು ಅಬ್ಬಿಗೆ. "ಈಗ ಎದ್ರಿಗೆ ಹೇಳ್."

ಅಬ್ಬಿ ಕುರ್ಚಿಯ ಕೈ ಹಿಡಿದು ಏಳಹೊರಟಳು.

"ಏಳ್ಬೇಡ. ಕೂಕಂಡೇ ಹೇಳ್," ಅಂದರು. ಹೆಗಲ ಮೇಲಿನ ಹಣ್ಣಿನ ಮೇಣ ಅಂಗಿಗೆ ಇಳಿಯುತ್ತಿತ್ತು.

ಮೀನಿನ ಬುಟ್ಟಿ ಹೊತ್ತು ಊರೂರು ಕೂಗಿದ ಬಾಯಿ ಅದು. ಆವತ್ತು ಅದು ದನಿ ತಗ್ಗಿಸಿ ಕರೆಯಿತು.

"ಒಳ್ಗ್ ಬಾ ಅಣ್ಣಯ್ಯ," ಅಂದಳು. "ಮೆಲ್ಲ ಕಾಲಿಡ್, ಜಾರತ್ತ್."